ಒಂದು ದಿನದ ಊರಲ್ಲ ಕಲಬುರಗಿ

ಕಲಬುರಗಿ ಸೀಮೆಯನ್ನು ಋತುವಿಗೊಮ್ಮೆ, ನಿಧಾನವಾಗಿ ನೋಡುವ ಬಗೆ ಕುರಿತ ಉಪನ್ಯಾಸದ ಬರಹರೂಪ



ಹೊರಗಿನಿಂದ ಕಲಬುರಗಿಗೆ ಬರುವ ಪ್ರವಾಸಿಯ ದಿನಚರಿ ಹೆಚ್ಚುಕಡಿಮೆ ಒಂದೇ ತೆರನಾಗಿರುತ್ತದೆ. ರಾತ್ರಿ ರೈಲು ಹತ್ತಿ ಬೆಳಗಿನ ಹೊತ್ತಿಗೆ ಸ್ಟೇಷನ್ನಿನಲ್ಲಿ ಇಳಿಯುತ್ತಾನೆ. ಲಾಡ್ಜಿನಲ್ಲಿ ಸ್ನಾನ, ಹೋಟೆಲಿನಲ್ಲಿ ತಿಂಡಿ. ಹತ್ತು ಗಂಟೆಗೆ ಕೋಟೆ, ಹನ್ನೊಂದಕ್ಕೆ ಜಾಮಿ ಮಸೀದಿ, ಆಮೇಲೆ ಶರಣಬಸವೇಶ್ವರರ ಗುಡಿ, ಬಂದೇ ನವಾಜರ ದರ್ಗಾ, ಹಫ್ತ್ ಗುಂಬಜ್, ಸಂಜೆಗೆ ಬುದ್ಧ ವಿಹಾರ. ರಾತ್ರಿ ಮತ್ತೆ ರೈಲು. ಊರಿಗೆ ಮರಳಿದ ಮೇಲೆ ಯಾರಾದರೂ ಕೇಳಿದರೆ ಅವನ ಉತ್ತರವೂ ಸಿದ್ಧವಿರುತ್ತದೆ: ‘ನೋಡೋದು ನೋಡಿ ಆಯಿತು. ಅಬ್ಬಾ, ಏನು ಬಿಸಿಲಪ್ಪಾ!’

ಈ ಮಾತಿನಲ್ಲಿ ಸುಳ್ಳೇನೂ ಇಲ್ಲ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಬಿಸಿಲಿಲ್ಲ ಎಂದು ಯಾರೂ ವಾದಿಸಲಾರರು. ಆದರೆ ಆ ಪ್ರವಾಸಿ ಕಂಡದ್ದು ಕಲಬುರಗಿಯನ್ನಲ್ಲ, ಕಲಬುರಗಿಯ ಒಂದು ದಿನವನ್ನು. ವರ್ಷದ ಉಳಿದ 364 ದಿನಗಳು ಅವನ ಲೆಕ್ಕಕ್ಕೇ ಬರಲಿಲ್ಲ. ಇನ್ನೊಂದು ಸಂಗತಿಯನ್ನೂ ಒಪ್ಪಿಕೊಳ್ಳಬೇಕು. ಈ ಜಿಲ್ಲೆಯಲ್ಲೇ ಹುಟ್ಟಿ ಬೆಳೆದವರಲ್ಲಿ ಚಿಂಚೋಳಿಯ ಕಾಡನ್ನು ಮಳೆಗಾಲದಲ್ಲಿ ಕಂಡವರು, ಸನ್ನತಿಯ ಹೊಳೆದಂಡೆಯಲ್ಲಿ ಅರ್ಧ ದಿನ ಕುಳಿತವರು ಎಷ್ಟು ಮಂದಿ? ಬೇಸಿಗೆ ರಜೆ ಬಂತೆಂದರೆ ಊಟಿ, ಮೈಸೂರು ಎಂದು ಹೊರಡುವ ಎಷ್ಟೋ ಕುಟುಂಬಗಳಿಗೆ ಕಮಲಾಪುರವೆಂದರೆ ಬೀದರಿಗೆ ಹೋಗುವಾಗ ಬಸ್ಸಿನ ಕಿಟಕಿಯಲ್ಲಿ ಕಾಣುವ ಕೆಂಪು ಬಾಳೆಗೊನೆ, ಅಷ್ಟೆ.

ಹಾಗಾದರೆ ಒಂದು ಸೀಮೆಯನ್ನು ನೋಡುವುದು ಎಂದರೇನು? ಈ ಉಪನ್ಯಾಸದ ಪ್ರಶ್ನೆ ಇದು.

ನಿಧಾನವೆಂಬ ಹೊಸ ಸರಕು

ಯೂರೋಪಿನಲ್ಲಿ ಈಗ ನಿಧಾನ ಪ್ರವಾಸಕ್ಕೆ ದೊಡ್ಡ ಬೇಡಿಕೆ ಇದೆ. ಅದರ ಬೇರು ಇರುವುದು ಊಟದಲ್ಲಿ ಎಂಬುದು ಸ್ವಾರಸ್ಯದ ಸಂಗತಿ. 1986ರಲ್ಲಿ ರೋಮ್ ನಗರದ ಹಳೆಯ ಚೌಕವೊಂದರ ಬಳಿ ಅಮೆರಿಕದ ಮೆಕ್‌ಡೊನಾಲ್ಡ್ ಹೋಟೆಲು ತೆರೆಯಿತು. ಅದನ್ನು ವಿರೋಧಿಸಿದವರಲ್ಲಿ ಕಾರ್ಲೋ ಪೆಟ್ರಿನಿ ಎಂಬ ಪತ್ರಕರ್ತರೂ ಇದ್ದರು. ಅವಸರದ ಊಟಕ್ಕೆ ಎದುರಾಗಿ ಅವರು ಕಟ್ಟಿದ ‘ಸ್ಲೋ ಫುಡ್’ ಚಳವಳಿ 1989ರಲ್ಲಿ ಪ್ಯಾರಿಸ್ಸಿನಲ್ಲಿ ತನ್ನ ಪ್ರಣಾಳಿಕೆಯನ್ನು ಪ್ರಕಟಿಸಿತು. ಹತ್ತು ವರ್ಷಗಳ ನಂತರ, 1999ರಲ್ಲಿ, ಇಟಲಿಯ ಕೆಲವು ಸಣ್ಣ ಪಟ್ಟಣಗಳು ಸೇರಿ ‘ನಿಧಾನ ನಗರ’ಗಳ ಕೂಟ ಕಟ್ಟಿಕೊಂಡವು. ಊಟದಿಂದ ಊರಿಗೆ, ಊರಿನಿಂದ ಪ್ರವಾಸಕ್ಕೆ ಈ ವಿಚಾರ ಹಬ್ಬಿತು.

ಇಂಥ ಪ್ರವಾಸದ ಕ್ರಮ ಸರಳ. ಹತ್ತು ದಿನಕ್ಕೆ ಹತ್ತು ಊರು ಸುತ್ತುವ ಬದಲು ಒಂದೇ ಪ್ರಾಂತ್ಯದಲ್ಲಿ ಹತ್ತು ದಿನ ಇರುವುದು. ಬರುವವರ ಅಭಿರುಚಿ ಏನೆಂದು ಮೊದಲೇ ಕೇಳಿ, ಅವರವರಿಗೆ ತಕ್ಕ ದಾರಿಯನ್ನು ಹಾಕಿಕೊಡುವುದು. ದ್ರಾಕ್ಷಿ ಕೊಯ್ಲಿನ ಸುಗ್ಗಿಗೆ ಒಂದು ಸೀಮೆ, ಹಿಮ ಬೀಳುವಾಗ ಇನ್ನೊಂದು, ಹೂ ಬಿಡುವಾಗ ಮತ್ತೊಂದು. ಒಂದೇ ದೇಶ, ಆದರೆ ಋತು ಬದಲಾದಂತೆ ಬೇರೆ ಬೇರೆ ದೇಶ. ಇದಕ್ಕೆ ಈಗ ಕಂಪನಿಗಳಿವೆ, ದರಪಟ್ಟಿಗಳಿವೆ. ಉಳ್ಳವರು ದುಡ್ಡು ಕೊಟ್ಟು ನಿಧಾನವನ್ನು ಕೊಳ್ಳುತ್ತಾರೆ.

ಇದನ್ನು ಕೇಳಿ ನಮ್ಮ ಕಡೆಯ ಹಿರಿಯರಿಗೆ ನಗು ಬಂದರೆ ಆಶ್ಚರ್ಯವಿಲ್ಲ. ನಿಧಾನ ಪ್ರಯಾಣ ಈ ನೆಲಕ್ಕೆ ಹೊಸದೇನಲ್ಲ. ಯುಗಾದಿಯ ಹೊತ್ತಿಗೆ ಶ್ರೀಶೈಲದ ಮಲ್ಲಯ್ಯನ ಕಡೆಗೆ ದಿನಗಟ್ಟಲೆ ನಡೆಯುವ ಪಾದಯಾತ್ರಿಗಳು, ಏಕಾದಶಿಗೆ ಪಂಢರಪುರದ ದಾರಿ ಹಿಡಿಯುವ ದಿಂಡಿಗಳು, ಮಳೆಯ ನಾಲ್ಕು ತಿಂಗಳು ಒಂದೇ ಊರಿನಲ್ಲಿ ನಿಂತು ಚಾತುರ್ಮಾಸ ಕಳೆಯುವ ಯತಿಗಳು, ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ದಕ್ಷಿಣದ ಉದ್ದಗಲಕ್ಕೂ ಸಂಚರಿಸಿದ ಲಂಬಾಣಿ ತಾಂಡಾಗಳು, ಇವರೆಲ್ಲ ಯಾವ ದರಪಟ್ಟಿಯೂ ಇಲ್ಲದ ನಿಧಾನ ಪ್ರಯಾಣಿಕರೇ. ದಾರಿಯುದ್ದಕ್ಕೂ ಅವರಿಗೆ ನೀರು, ನೆರಳು, ರೊಟ್ಟಿ ಕೊಡುವ ಊರುಗಳಿದ್ದವು.

ಐನೂರು ವರ್ಷದ ಹಿಂದೊಬ್ಬ ಯೂರೋಪಿನವ

ಈ ಸೀಮೆಯನ್ನು ನಿಧಾನವಾಗಿ ನೋಡಿದ ಯೂರೋಪಿನವನೊಬ್ಬನ ಬರಹ ನಮ್ಮ ಅದೃಷ್ಟಕ್ಕೆ ಉಳಿದುಬಂದಿದೆ. ಅವನ ಹೆಸರು ಅಫನಾಸಿ ನಿಕಿತಿನ್, ರಷ್ಯದ ತ್ವೇರ್ ನಗರದ ವರ್ತಕ. ವಾಸ್ಕೋ ಡ ಗಾಮ 1498ರಲ್ಲಿ ಕಲ್ಲಿಕೋಟೆಗೆ ಬರುವುದಕ್ಕೂ ಸುಮಾರು ಮೂರು ದಶಕ ಮೊದಲೇ ಅವನು ಹೊರ್ಮುಜ್‌ನಿಂದ ಹಡಗು ಹತ್ತಿ, ಕೊಂಕಣ ತೀರದ ಚೌಲ್‌ನಲ್ಲಿ ಇಳಿದ. ಜೊತೆಗೆ ಮಾರಾಟಕ್ಕೆಂದು ತಂದಿದ್ದ ಒಂದು ಗಂಡು ಕುದುರೆ. ಬಹಮನಿ ರಾಜ್ಯದಲ್ಲಿ ಆಗ ಮಹಮೂದ್ ಗವಾನನ ಕಾಲ. ಕುದುರೆಗೆ ಒಳ್ಳೆಯ ಬೆಲೆ ಇತ್ತು.

ಚೌಲ್‌ನಿಂದ ಜುನ್ನರ್‌ಗೆ ಬರಲು ಅವನಿಗೆ 24 ದಿನ ಬೇಕಾಯಿತು. ಅಷ್ಟರಲ್ಲಿ ಮಳೆ ಹಿಡಿಯಿತು. ಎರಡು ತಿಂಗಳು ಅಲ್ಲೇ ನಿಂತ. ನಾಲ್ಕು ತಿಂಗಳು ಹಗಲೂ ರಾತ್ರಿ ನೀರು ಮತ್ತು ಕೆಸರು ಎಂದು ಬರೆದುಕೊಂಡ. ಆ ದಿನಗಳಲ್ಲೇ ಜನ ಉತ್ತು ಬಿತ್ತುತ್ತಾರೆ, ಕುದುರೆಗಳಿಗೆ ಕಡಲೆ ತಿನ್ನಿಸುತ್ತಾರೆ, ಸಕ್ಕರೆ, ತುಪ್ಪ ಹಾಕಿ ಬೇಯಿಸಿದ ಖಿಚಡಿ ತಿನ್ನಿಸುತ್ತಾರೆ ಎಂದೂ ಗುರುತು ಹಾಕಿಕೊಂಡ. ಅಲ್ಲಿಂದ ಬೀದರಿಗೆ ಒಂದು ತಿಂಗಳ ದಾರಿ. ಬೀದರಿನಲ್ಲಿ ಕುದುರೆ ಮಾರಿದ. ಸುಮಾರು ನಾಲ್ಕು ತಿಂಗಳು ತಂಗಿದ. ಸ್ಥಳೀಯರ ಪರಿಚಯ ಬೆಳೆಯಿತು. ತಾನು ಯಾರು, ತನ್ನ ಧರ್ಮ ಯಾವುದು ಎಂಬುದನ್ನು ಅವರಿಗೆ ಮುಚ್ಚುಮರೆಯಿಲ್ಲದೆ ಹೇಳಿದ ಮೇಲೆ ಅವರೂ ತಮ್ಮ ಊಟ, ವ್ಯಾಪಾರ, ಪೂಜೆ, ಮನೆಮಂದಿ ಯಾವುದನ್ನೂ ತನ್ನಿಂದ ಮರೆಮಾಡಲಿಲ್ಲ ಎಂದು ಬರೆದಿದ್ದಾನೆ. ಈ ಮಾತನ್ನು ಗಮನಿಸಬೇಕು. ಊರು ತನ್ನ ಬಾಗಿಲನ್ನು ತೆರೆದದ್ದು ಅವನು ಬಂದ ದಿನವಲ್ಲ, ನಿಂತ ಮೇಲೆ.

ಮುಂದೆ ಅವನು ಕಲಬುರಗಿಗೂ ಬಂದ. ಅಕೀಕು ಕಲ್ಲಿನ ಕೆಲಸಕ್ಕೆ ಹೆಸರಾದ ಒಂದು ಊರಿನಲ್ಲಿ ಐದು ತಿಂಗಳು ಕಳೆದು, ಮರಳುವಾಗ ಮತ್ತೊಮ್ಮೆ ಕಲಬುರಗಿಯ ಮೂಲಕವೇ ಆಳಂದದ ದಾರಿ ಹಿಡಿದ. ಶೇಖ್ ಅಲಾವುದ್ದೀನರ ಹೆಸರಿನ ಆಳಂದದ ಜಾತ್ರೆಯ ವರ್ಣನೆ ಅವನ ಬರಹದ ಬಹು ಸೊಗಸಾದ ಭಾಗಗಳಲ್ಲೊಂದು. ಹತ್ತು ದಿನದ ಪೇಟೆ, ಇಪ್ಪತ್ತು ಸಾವಿರದವರೆಗೆ ಮಾರಾಟಕ್ಕೆ ಬರುವ ಕುದುರೆಗಳು, ನಾಡಿನ ಎಲ್ಲೆಡೆಯ ಸರಕು. ಅದರ ಜೊತೆಗೇ ಆಳಂದದಲ್ಲಿ ರಾತ್ರಿ ಹಾರಿ ಕೂಗುವ ಹಕ್ಕಿಯೊಂದರ ಪ್ರಸ್ತಾಪ. ಆ ಹಕ್ಕಿ ಯಾರ ಮನೆಯ ಮೇಲೆ ಕೂರುತ್ತದೋ ಆ ಮನೆಯಲ್ಲಿ ಸಾವು ಎಂಬ ನಂಬಿಕೆಯನ್ನೂ ದಾಖಲಿಸಿದ್ದಾನೆ. ಗೂಬೆಯ ಬಗ್ಗೆ ಇಂಥ ಮಾತನ್ನು ಈ ಕಡೆಯ ಅಜ್ಜಿಯರ ಬಾಯಲ್ಲಿ ಇಂದಿಗೂ ಕೇಳಬಹುದು. ಒಂದು ದಿನದ ಪ್ರವಾಸಿಗೆ ಕೋಟೆ ಕಂಡೀತು. ಗೂಬೆಯ ಕಥೆ ಕೇಳಿಸಲಾರದು.

ಎಲ್ಲಕ್ಕಿಂತ ದೊಡ್ಡದು ಅವನ ಋತುಗಳ ಲೆಕ್ಕ. ರಷ್ಯದಲ್ಲಿ ಅಕ್ಟೋಬರ್ ಮೊದಲ ದಿನ ಬರುವ ಹಬ್ಬವೊಂದರ ಹೊತ್ತಿಗೆ ಇಲ್ಲಿ ವಸಂತ ಶುರುವಾಗುತ್ತದೆ ಎಂದು ಅವನು ಬರೆದ. ತನ್ನ ದೇಶದಲ್ಲಿ ಹಿಮ ಬೀಳಲು ತೊಡಗುವ ಕಾಲ ಇಲ್ಲಿ ಹಸಿರಿನ ಕಾಲ. ಮಳೆಗಾಲವನ್ನೇ ಅವನು ಚಳಿಗಾಲ ಎಂದು ಕರೆದ. ನಾಲ್ಕೂ ಋತುಗಳಿಗೆ ಮೂರು ಮೂರು ತಿಂಗಳು ಹಂಚಿಕೊಟ್ಟ. ನಮ್ಮ ಪಂಚಾಂಗದ ಪ್ರಕಾರ ಇದು ತಪ್ಪಿರಬಹುದು. ಆದರೆ ಮಳೆ ನಿಂತ ಮೇಲೆ ಈ ಎರೆಭೂಮಿಯಲ್ಲಿ ಹೊಸ ಬದುಕು ಶುರುವಾಗುತ್ತದೆ ಎಂಬುದು ಅವನ ಕಣ್ಣಿಗೆ ಬಿತ್ತಲ್ಲ, ಅದು ಸರಿ. ಊರಿಗೆ ಮರಳುವ ದಾರಿಯಲ್ಲೇ ಅವನು ತೀರಿಕೊಂಡ. ಉಳಿದದ್ದು ಅವನ ಬರಹ.

ಇನ್ನೊಬ್ಬನನ್ನೂ ನೆನೆಯಬಹುದು. ನಿಜಾಮನ ಸೇವೆಯಲ್ಲಿದ್ದ ಇಂಗ್ಲಿಷ್ ಅಧಿಕಾರಿ ಮೆಡೋಸ್ ಟೇಲರ್ 1841ರಿಂದ 1853ರವರೆಗೆ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡ. ಅಧಿಕಾರಿಯಾಗಿ ಬಂದವನು, ಪ್ರವಾಸಿಯಾಗಿ ಅಲ್ಲ. ಆದರೂ ಆ ಹನ್ನೆರಡು ವರ್ಷಗಳಲ್ಲಿ ಅವನ ಕಣ್ಣಿಗೆ ಬಿದ್ದದ್ದು ಕಂದಾಯ ಮಾತ್ರವಲ್ಲ. ಹೊಲಗಳ ನಡುವೆ ನಿಂತ ಬೃಹತ್ ಶಿಲಾಸಮಾಧಿಗಳನ್ನು ಅವನು ಅಳೆದು, ಅಗೆದು, ಚಿತ್ರ ಬರೆದು, ಯೂರೋಪಿನ ಅಂಥದೇ ಸಮಾಧಿಗಳೊಂದಿಗೆ ಹೋಲಿಸಿ ಬರೆದ. ಕುರಿ ಕಾಯುವವರು ದಿನವೂ ನೋಡುತ್ತಿದ್ದ ಆ ಕಲ್ಲುಗಳು ವಿದ್ವಾಂಸರ ಲೋಕಕ್ಕೆ ತಿಳಿದದ್ದು ಹೀಗೆ.

ಒಂದು ಜಿಲ್ಲೆ, ನಾಲ್ಕು ನೆಲ

ಕಲಬುರಗಿ ಜಿಲ್ಲೆ ಎಂದರೆ ಬರೀ ಬಯಲು ಎಂಬ ಕಲ್ಪನೆ ಬಹಳ ಜನರಲ್ಲಿದೆ. ನಿಜವಾಗಿ ಇಲ್ಲಿ ಕಡಿಮೆಯೆಂದರೂ ನಾಲ್ಕು ಬಗೆಯ ನೆಲವಿದೆ. ನಗರದ ಸುತ್ತ, ಆಳಂದ, ಜೇವರ್ಗಿಗಳ ಕಡೆ ತೊಗರಿ, ಜೋಳ ಬೆಳೆಯುವ ಎರೆಭೂಮಿ. ಈಶಾನ್ಯಕ್ಕೆ, ಕಮಲಾಪುರ, ಚಿಂಚೋಳಿಗಳ ಕಡೆ ಜಂಬಿಟ್ಟಿಗೆಯ ಗುಡ್ಡ, ಕೆಂಪು ಮಣ್ಣು, ಕಾಡು. ದಕ್ಷಿಣ ಮತ್ತು ಆಗ್ನೇಯಕ್ಕೆ, ಶಹಾಬಾದ, ಸೇಡಂ ಕಡೆ ಸುಣ್ಣಕಲ್ಲಿನ ಹಾಸು. ಕರ್ನಾಟಕದ ಎಷ್ಟೋ ಮನೆಗಳ ನೆಲಕ್ಕೆ ಹಾಸಿದ ಶಹಾಬಾದ ಕಲ್ಲು ಅಲ್ಲಿಯದು, ಸಿಮೆಂಟ್ ಕಾರ್ಖಾನೆಗಳು ಬಂದದ್ದೂ ಅದೇ ಕಲ್ಲಿನಿಂದ. ಇನ್ನು ಅಫಜಲಪುರದಿಂದ ಹಿಡಿದು ಭೀಮೆಯ ಉದ್ದಕ್ಕೂ ಹೊಳೆದಂಡೆಯ ನೆಲ. ಈ ನಾಲ್ಕಕ್ಕೂ ನೋಡುವ ಕಾಲ ಬೇರೆ ಬೇರೆ. ಒಂದೇ ವಾರದಲ್ಲಿ ನಾಲ್ಕನ್ನೂ ಮುಗಿಸುತ್ತೇನೆ ಎನ್ನುವವನಿಗೆ ಮೂರಾದರೂ ತಪ್ಪುತ್ತವೆ.

ಮುಂಗಾರಿನಿಂದ ಶುರು ಮಾಡೋಣ. ಜೂನ್ ಕಳೆದು ಮಳೆ ನೆಲಕ್ಕೆ ಇಳಿದ ಮೇಲೆ ಎರೆಭೂಮಿಯಲ್ಲಿ ಓಡಾಡುವುದು ಸುಲಭವಲ್ಲ. ಎರಡು ಹೆಜ್ಜೆ ಇಟ್ಟರೆ ಚಪ್ಪಲಿಗೆ ಸೇರು ಮಣ್ಣು ಅಂಟುತ್ತದೆ. ಆಗ ಹೋಗಬೇಕಾದದ್ದು ಚಿಂಚೋಳಿಗೆ. ಅಲ್ಲಿಯ ಕುಂಚಾವರಂ ಭಾಗದ ಕಾಡನ್ನು 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ವಿಸ್ತೀರ್ಣ ಸುಮಾರು 135 ಚದರ ಕಿಲೋಮೀಟರು. ಬೇಸಿಗೆಯಲ್ಲಿ ಎಲೆ ಉದುರಿಸಿ ಬೋಳಾಗಿ ನಿಂತ ಕಾಡೇ ಇದು ಎಂದು ನಂಬಲಾಗದಷ್ಟು ಹಸಿರು ಆಗ. ಎತ್ತಿಪೋತ ಜಲಪಾತಕ್ಕೆ ಜೀವ ಬರುವುದೂ, ಚಂದ್ರಂಪಳ್ಳಿ ಜಲಾಶಯ ತುಂಬುವುದೂ ಆಗಲೇ. ಅದೇ ಶ್ರಾವಣದ ಆಸುಪಾಸಿನಲ್ಲಿ ಲಂಬಾಣಿ ತಾಂಡಾಗಳಲ್ಲಿ ತೀಜ್ ಹಬ್ಬ. ಕನ್ಯೆಯರು ಬುಟ್ಟಿಗಳಲ್ಲಿ ಗೋಧಿ ಮೊಳಕೆ ಬೆಳೆಸಿ, ದಿನವೂ ನೀರೆರೆದು, ಹಾಡಿ ಕುಣಿದು, ಕಡೆಯ ದಿನ ನೀರಿಗೆ ಬಿಡುತ್ತಾರೆ. ಕರೆಯದೇ ಹೋಗಿ ಕ್ಯಾಮರಾ ಹಿಡಿಯುವವರಿಗೆ ಅದು ಒಂದು ಚಿತ್ರ ಮಾತ್ರ. ತಾಂಡಾದ ನಾಯಕನನ್ನು ಮೊದಲೇ ಕಂಡು, ಮಾತಾಡಿ, ಕರೆಸಿಕೊಂಡು ಹೋದವರಿಗೆ ಅದು ಹಬ್ಬ.

ಮಳೆ ಹಿಂದಾದ ಮೇಲೆ, ನಿಕಿತಿನ್ ವಸಂತ ಎಂದು ಕರೆದ ಆ ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಹೊಲದ ತೊಗರಿ ಹಳದಿ ಹೂವಿಗೆ ಬರುತ್ತದೆ. ತೊಗರಿಯ ಕಣಜ ಎಂದು ಹೆಸರಾದ ಈ ಜಿಲ್ಲೆಯ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ದಿನವೂ ಸಾರು ಉಣ್ಣುವ ಕರ್ನಾಟಕದವರಲ್ಲಿ ತೊಗರಿಯ ಹೂ ಕಂಡವರು ಎಷ್ಟು ಜನ? ಆಗ ಹೊಳೆಗಳಲ್ಲೂ ನೀರಿರುತ್ತದೆ. ಕಾಗಿಣಾ ದಂಡೆಯ ಮಳಖೇಡಕ್ಕೂ ಭೀಮೆಯ ದಂಡೆಯ ಸನ್ನತಿಗೂ ಹೋಗಲು ಅದು ತಕ್ಕ ಕಾಲ.

ಮಳಖೇಡವೆಂದರೆ ರಾಷ್ಟ್ರಕೂಟರ ಮಾನ್ಯಖೇಟ. ‘ಕವಿರಾಜಮಾರ್ಗ’ ಹುಟ್ಟಿದ ಅಮೋಘವರ್ಷನ ಆಸ್ಥಾನ ಇದ್ದ ಊರು. ಅಂದಿನ ಅರಬ್ ವರ್ತಕರು ಲೋಕದ ದೊಡ್ಡ ನಾಲ್ಕು ಅರಸರಲ್ಲಿ ಇಲ್ಲಿಯವನನ್ನೂ ಎಣಿಸಿದ್ದರು. ಇಂದು ಅಲ್ಲಿ ಕೋಟೆಯ ಅವಶೇಷ, ಬಸದಿ, ಮಠ, ಹೊಳೆ. ಅವಸರದವರಿಗೆ ‘ಏನೂ ಇಲ್ಲ’ ಎನಿಸುವ ಜಾಗವಿದು. ಹೊಳೆಯ ದಂಡೆಯಲ್ಲಿ ಕುಳಿತು, ಕನ್ನಡದ ಮೊದಲ ಉಪಲಬ್ಧ ಗ್ರಂಥ ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡನಾಡಿನ ಗಡಿ ಗುರುತಿಸಿದ್ದು ಇಲ್ಲಿಂದ ಎಂದು ಯೋಚಿಸಲು ಅರ್ಧ ದಿನವಾದರೂ ಬೇಕು.

ಸನ್ನತಿಯದು ಇನ್ನೂ ಸ್ವಾರಸ್ಯದ ಕಥೆ. 1986ರಲ್ಲಿ ಚಂದ್ರಲಾಂಬಾ ಗುಡಿಯ ಆವರಣದಲ್ಲಿದ್ದ ಕಾಳಿಯ ಗುಡಿಯ ಛಾವಣಿ ಕುಸಿಯಿತು. ಅದನ್ನು ಸರಿಪಡಿಸುವಾಗ, ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲಿನ ಮೇಲೆ ಅಕ್ಷರಗಳು ಕಂಡವು. ಅದು ಅಶೋಕನ ಶಾಸನ. ಅದರ ಬಳಿಯ ಕನಗನಹಳ್ಳಿಯ ದಿಬ್ಬದಲ್ಲಿ ಮುಂದೆ ನಡೆದ ಉತ್ಖನನದಲ್ಲಿ ಬೌದ್ಧ ಸ್ತೂಪ ಹೊರಬಂತು. ಅದರ ಶಿಲ್ಪಗಳ ನಡುವೆ ‘ರಾಯ ಅಸೋಕ’ ಎಂಬ ಬರಹವುಳ್ಳ ಅಶೋಕನ ಉಬ್ಬುಚಿತ್ರವೂ ಸಿಕ್ಕಿತು. ಶತಮಾನಗಳ ಕಾಲ ಜನ ಕೈಮುಗಿದ ಪೀಠದಲ್ಲೇ ಸಾಮ್ರಾಟನೊಬ್ಬನ ಮಾತು ಅಡಗಿತ್ತು.

ಎಳ್ಳ ಅಮಾವಾಸ್ಯೆಯ ಬುತ್ತಿ

ಡಿಸೆಂಬರ್ ಬಂದರೆ ಈ ಸೀಮೆಯ ಅತಿ ದೊಡ್ಡ ಹಬ್ಬಗಳಲ್ಲೊಂದು ಬರುತ್ತದೆ, ಎಳ್ಳ ಅಮಾವಾಸ್ಯೆ. ಆ ದಿನ ಕಲಬುರಗಿ ನಗರದ ಬೀದಿಗಳೇ ಬಿಕೋ ಎನ್ನುತ್ತವೆ. ಹೊಲ ಇದ್ದವರು ತಮ್ಮ ಹೊಲಕ್ಕೆ, ಇಲ್ಲದವರು ಗೆಳೆಯರ, ನೆಂಟರ ಹೊಲಕ್ಕೆ. ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಜೋಳದ ಕಡಬು, ಶೇಂಗಾ ಹೋಳಿಗೆ, ಹತ್ತಾರು ಬಗೆಯ ಕಾಳು, ಕಾಯಿಪಲ್ಯ, ಸೊಪ್ಪು ಸೇರಿಸಿ ಮಾಡಿದ ಭಜ್ಜಿ, ಅಂಬಲಿ. ಇಲ್ಲಿಯ ಭಜ್ಜಿ ಎಣ್ಣೆಯಲ್ಲಿ ಕರಿದ ತಿಂಡಿಯಲ್ಲ ಎಂಬುದು ಹೊರಗಿನವರಿಗೆ ಉಂಡ ಮೇಲೆ ತಿಳಿಯುತ್ತದೆ. ಮೊದಲು ಭೂತಾಯಿಗೆ ಪೂಜೆ, ಹೊಲದ ಸುತ್ತ ಚರಗ ಚೆಲ್ಲುವುದು, ಆಮೇಲೆ ಊಟ. ಆ ದಿನ ಹೊಲದ ಬದುವಿನ ಮೇಲೆ ಹಾಯುವ ಅಪರಿಚಿತನಿಗೂ ಕರೆ ಬಾರದೆ ಇರದು: ‘ಯಾವೂರ್ರೀ ನಿಮ್ದು? ಬರ್ರಿ, ಕುಂದರ್ರಿ, ಊಟ ಮಾಡ್ಕೊಂಡು ಹೋಗ್ರಿ.’

ಯೂರೋಪಿನ ಕಂಪನಿಗಳು ದುಬಾರಿ ಬೆಲೆಗೆ ಮಾರುವ ‘ಸ್ಥಳೀಯರೊಂದಿಗೆ ಒಂದು ಊಟ’ ಇಲ್ಲಿ ಹೀಗೆ ಸಿಗುತ್ತದೆ. ಆದರೆ ಆ ಕರೆ ಬರುವುದು ವರ್ಷದಲ್ಲಿ ಒಂದು ದಿನ, ಆ ದಿನ ಆ ಬದುವಿನ ಮೇಲೆ ಇದ್ದವನಿಗೆ. ಅದಾದ ಕೆಲವು ವಾರಗಳಿಗೆ ಹಿಂಗಾರಿ ಜೋಳದ ತೆನೆ ಹಾಲುಗಾಳು ಕಟ್ಟುತ್ತದೆ. ಕೆಂಡದಲ್ಲಿ ಸುಟ್ಟು, ಉಜ್ಜಿ, ಬೆಲ್ಲ, ಚಟ್ನಿಪುಡಿಯೊಂದಿಗೆ ತಿನ್ನುವ ಸೀತನಿಯ ಕಾಲ ಅದು. ಹದಿನೈದು, ಇಪ್ಪತ್ತು ದಿನ ಕಳೆದರೆ ಕಾಳು ಬಲಿಯುತ್ತದೆ, ಮತ್ತೆ ಮುಂದಿನ ವರ್ಷವೇ.

ಮಾರ್ಚ್ ತಿಂಗಳಲ್ಲಿ, ಹೋಳಿ ಕಳೆದ ಐದನೆಯ ದಿನ, ಶರಣಬಸವೇಶ್ವರರ ತೇರು. ದಾಸೋಹಕ್ಕೆ ಹೆಸರಾದ ಈ ಶರಣರು (1746–1822) ಜೇವರ್ಗಿ ಕಡೆಯ ಅರಳಗುಂಡಗಿಯವರು. ತೇರಿನ ಮೇಲೆ ಜನ ಉತ್ತತ್ತಿ, ಬಾಳೆಹಣ್ಣು ಎಸೆಯುವ ಆ ಸಂಜೆ ನಗರದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಜಾತ್ರೆಯನ್ನು ನಿಧಾನವಾಗಿ ನೋಡುವವರಿಗೆ ತೇರಿನ ಮರುದಿನದಿಂದ ನಿಜವಾದ ಜಾತ್ರೆ. ಬಳೆ, ಬೆಂಡು ಬತ್ತಾಸಿನ ಅಂಗಡಿಗಳು, ಹಳ್ಳಿಗಳಿಂದ ಬಂದ ಕುಟುಂಬಗಳು ಆಗ ಮಾತಿಗೆ ಸಿಗುತ್ತವೆ.

1422ರಲ್ಲಿ ತೀರಿಕೊಂಡ ಖ್ವಾಜಾ ಬಂದೇ ನವಾಜರ ಉರುಸಿನ ಲೆಕ್ಕ ಬೇರೆ. ಅದು ಚಾಂದ್ರಮಾನದ ಜಿಲ್ಖಾದ್ ತಿಂಗಳಲ್ಲಿ ನಡೆಯುವುದರಿಂದ ಪ್ರತಿ ವರ್ಷ ಸುಮಾರು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. ಒಂದು ಸುತ್ತು ಮುಗಿಯಲು ಸುಮಾರು 33 ವರ್ಷ. ಅಂದರೆ ಈ ಊರಿನಲ್ಲೇ ಹುಟ್ಟಿದವನೊಬ್ಬ ಮಳೆಯ ಉರುಸು, ಚಳಿಯ ಉರುಸು, ಬಿಸಿಲಿನ ಉರುಸು ಎಲ್ಲವನ್ನೂ ಕಾಣಲು ಅರ್ಧ ಆಯುಷ್ಯ ಬೇಕು.

ಇನ್ನು ಆ ಬಿಸಿಲು. ಬೇಸಿಗೆಯಲ್ಲಿ ಕಲಬುರಗಿಗೆ ಬರಲೇಬಾರದೆ? ಬರಬಹುದು, ಊರಿನವರ ಹಾಗೆ ಬದುಕಿದರೆ. ಬೆಳಿಗ್ಗೆ ಒಂಬತ್ತರೊಳಗೆ ಹೊರಗಿನ ಕೆಲಸ ಮುಗಿಸಿ, ಮಧ್ಯಾಹ್ನ ಮನೆಯೊಳಗೆ ಇದ್ದು, ಬಿಸಿಲಿಳಿದ ಮೇಲೆ ಮಿರ್ಚಿ, ಸುಸಲಾ ತಿನ್ನಲು ಹೊರಬರುವುದು. 1367ರ ಜಾಮಿ ಮಸೀದಿಗೆ ತೆರೆದ ಅಂಗಳವಿಲ್ಲ, ಇಡೀ ಕಟ್ಟಡವನ್ನು ಗುಮ್ಮಟಗಳಿಂದ ಮುಚ್ಚಲಾಗಿದೆ ಎಂಬುದನ್ನು ಎಲ್ಲ ಮಾರ್ಗದರ್ಶಿ ಪುಸ್ತಕಗಳೂ ಹೇಳುತ್ತವೆ. ಹಾಗೆ ಕಟ್ಟಿದ್ದಕ್ಕೆ ಕಾರಣ ಏನೇ ಇರಲಿ, ಮೇ ತಿಂಗಳ ಹಗಲಿನಲ್ಲಿ ಕೋಟೆಯ ಬಯಲನ್ನು ದಾಟಿ ಆ ಕಮಾನುಗಳ ನೆರಳಿಗೆ ಬಂದವನಿಗೆ ಅದರ ಬೆಲೆ ಮೈಗೇ ತಿಳಿಯುತ್ತದೆ.

ಹದಿನೆಂಟು ತಿಂಗಳ ಹಣ್ಣು

ಈಗ ಕಮಲಾಪುರಕ್ಕೆ ಬರೋಣ. ನಗರದಿಂದ ಹುಮನಾಬಾದ ರಸ್ತೆಯಲ್ಲಿ ನಲವತ್ತು ಕಿಲೋಮೀಟರಿಗೂ ಕಡಿಮೆ ದಾರಿ. ಈಚಿನ ವರ್ಷಗಳಲ್ಲಿ ತಾಲ್ಲೂಕು ಕೇಂದ್ರವಾದ ಊರು. 2017ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ 110 ಕಿಲೋಮೀಟರಿನ ಬೀದರ್–ಕಲಬುರಗಿ ರೈಲು ಮಾರ್ಗವೂ ಇದರ ಮೂಲಕವೇ ಹಾದು, ಮುಂದೆ ಮರಗುತ್ತಿ ಬಳಿ ಗುಡ್ಡವನ್ನು ಸುರಂಗದಲ್ಲಿ ಸೀಳಿಕೊಂಡು ಹೋಗುತ್ತದೆ. ಬಯಲಿನ ಎರೆಮಣ್ಣು ಮುಗಿದು ಕೆಂಪು ಮಣ್ಣು ಶುರುವಾಗುವುದನ್ನು ಕಣ್ಣಾರೆ ಕಾಣಲು ಈ ದಾರಿಗಿಂತ ಒಳ್ಳೆಯದು ಇನ್ನೊಂದಿಲ್ಲ.

ಕಮಲಾಪುರದ ಕೆಂಪುಬಾಳೆಗೂ ಭೌಗೋಳಿಕ ಸೂಚಿಕೆ ಇದೆ. ಗುಡ್ಡಗಳ ನಡುವಿನ ಕಣಿವೆಯಲ್ಲಿ, ಕೆಂಪು ಮಣ್ಣಿನಲ್ಲಿ, ಕೊಟ್ಟಿಗೆ ಗೊಬ್ಬರ ಮತ್ತು ನೀರು ಕಂಡು ಬೆಳೆಯುವ ಬಾಳೆ ಇದು. ಗಿಡ ಎತ್ತರ, ಗೊನೆ ಭಾರ, ಆದ್ದರಿಂದ ಗಾಳಿಗೆ ಬೇಗ ಬೀಳುತ್ತದೆ. ಕಣಿವೆಯ ಮರೆ ಬೇಕಾಗುವುದು ಅದಕ್ಕೇ. ಸಿಪ್ಪೆ ಕಡುಗೆಂಪು, ದಪ್ಪ. ತಿರುಳು ಬೆಣ್ಣೆಯ ಬಣ್ಣ, ಗಮಗಮ ಪರಿಮಳ.

ಇದೆಲ್ಲಕ್ಕಿಂತ ಮುಖ್ಯವಾದದ್ದು ಅದರ ಕಾಲ. ಮಾಮೂಲಿ ಬಾಳೆ ಕಂದು ನೆಟ್ಟ ಒಂದು ವರ್ಷದ ಒಳಗೆ, ಹೊರಗೆ ಕೊಯ್ಲಿಗೆ ಬಂದರೆ ಕೆಂಪುಬಾಳೆ ಸುಮಾರು ಹದಿನೆಂಟು ತಿಂಗಳು ಕೇಳುತ್ತದೆ. ಅಂದರೆ ಒಂದು ಗೊನೆ ಎರಡು ಮುಂಗಾರಿನ ಮಳೆ ಕಾಣಬಹುದು, ಒಂದು ಇಡೀ ಬೇಸಿಗೆಯನ್ನಂತೂ ದಾಟಲೇಬೇಕು. ಅಷ್ಟು ದಿನ ರೈತ ನೀರುಣಿಸಬೇಕು, ಕಾಯಬೇಕು, ಸಾಲದ ಬಡ್ಡಿ ಕಟ್ಟಬೇಕು. ಒಂದು ರಾತ್ರಿಯ ಬಿರುಗಾಳಿ ಸಾಕು, ಹದಿನೇಳು ತಿಂಗಳ ದುಡಿಮೆ ನೆಲಕಚ್ಚಲು. ಬೇಗ ದುಡ್ಡು ತರುವ ಬೆಳೆಗಳು ಕಣ್ಣೆದುರಿಗೆ ಇರುವಾಗ ಇದನ್ನು ಬೆಳೆಯುವವರು ಕಡಿಮೆಯಾಗುತ್ತಿರುವುದು ಸಹಜ. ಕಾಗದದ ಮೇಲಿನ ಮಾನ್ಯತೆ ಹೆಸರನ್ನು ಕಾಪಾಡೀತು. ತೋಟವನ್ನು ಕಾಪಾಡುವುದು ಹಣ್ಣಿಗೆ ಸಿಗುವ ಬೆಲೆ.

ನಿಧಾನ ಪ್ರವಾಸದ ಮಾತು ಬರೀ ಹವ್ಯಾಸದ ಮಾತಲ್ಲ ಎಂಬುದು ತಿಳಿಯುವುದು ಇಲ್ಲಿ. ಹೆದ್ದಾರಿಯಲ್ಲಿ ಕಾರು ನಿಲ್ಲಿಸಿ, ಗಾಜು ಇಳಿಸಿ ‘ಇಷ್ಟೊಂದು ರೇಟಾ?’ ಎಂದು ಕೇಳಿ ಮುಂದೆ ಹೋಗುವವನಿಗೆ ಅದು ಇತರ ಬಾಳೆಗಿಂತ ದುಬಾರಿಯಾದ ಒಂದು ಬಾಳೆ. ತೋಟದೊಳಗೆ ಎರಡು ಗಂಟೆ ನಡೆದು, ನೆಟ್ಟ ದಿನದಿಂದ ಲೆಕ್ಕ ಕೇಳಿದವನಿಗೆ ಆ ಬೆಲೆ ದುಬಾರಿ ಎನಿಸದು. ಚೌಕಾಸಿ ಮಾಡಲು ನಾಲಗೆ ಏಳದು. ಊಟದ ಮೂಲಕ ಆರಂಭವಾದ ಇಟಲಿಯ ಚಳವಳಿ ಹೇಳುವುದೂ ಇದನ್ನೇ. ತಿನ್ನುವವನಿಗೆ ಬೆಳೆಯುವವನ ಕಾಲ ಗೊತ್ತಾದಾಗ ಮಾತ್ರ ಒಂದು ತಳಿ ಉಳಿಯುತ್ತದೆ.

ಮಾಡಬೇಕಾದದ್ದು

ಹಾಗೆಂದು ಎಲ್ಲವೂ ಸಿದ್ಧವಾಗಿದೆ, ಪ್ರವಾಸಿ ಬರುವುದೊಂದೇ ಬಾಕಿ ಎಂದು ಯಾರೂ ತಿಳಿಯಬಾರದು. ಹಳ್ಳಿಗಳಲ್ಲಿ ರಾತ್ರಿ ತಂಗಲು ಸ್ಥಳಗಳು ವಿರಳ. ಹೆಣ್ಣುಮಕ್ಕಳು ಧೈರ್ಯವಾಗಿ ಬಳಸುವಂಥ ಶೌಚಾಲಯ ಎಷ್ಟೋ ಕಡೆ ದೊಡ್ಡ ಕೊರತೆ. ಬೇಸಿಗೆಯಲ್ಲಿ ಊರಿಗೇ ಕುಡಿಯುವ ನೀರು ಸಾಲದಿರುವಾಗ ಅತಿಥಿಗೆ ಎರಡು ಬಕೆಟ್ ಸ್ನಾನದ ನೀರು ಕೇಳುವುದು ಅನ್ಯಾಯ. ಹಬ್ಬ, ಉರುಸು, ತೀಜ್‌ಗಳನ್ನು ಪ್ರವಾಸಿಗಳಿಗಾಗಿ ವೇದಿಕೆಯ ಮೇಲೆ ತಂದು ಕುಣಿಸುವ ಅಪಾಯವೂ ಇದೆ. ನೋಡುವವರಿಗಾಗಿ ನಡೆಯತೊಡಗಿದ ಹಬ್ಬ ನಿಧಾನವಾಗಿ ಊರಿನವರ ಕೈತಪ್ಪುತ್ತದೆ.

ಆದ್ದರಿಂದ ಮೊದಲ ಹೆಜ್ಜೆ ಇಡಬೇಕಾದವರು ಈ ಜಿಲ್ಲೆಯವರೇ. ದೊಡ್ಡ ಯೋಜನೆ ಬೇಡ, ಒಂದು ಕ್ಯಾಲೆಂಡರ್ ಸಾಕು. ಗೋಡೆಗೆ ತೂಗುಹಾಕಿದ ಪಂಚಾಂಗದಲ್ಲಿ ಹನ್ನೆರಡು ತಿಂಗಳಿಗೆ ಹನ್ನೆರಡು ಗುರುತು. ಆಗಸ್ಟಿಗೆ ಚಿಂಚೋಳಿ, ನವೆಂಬರಿಗೆ ಸನ್ನತಿ, ಡಿಸೆಂಬರಿನ ದತ್ತ ಜಯಂತಿಗೆ ಭೀಮಾ, ಅಮರ್ಜಾ ನದಿಗಳ ಸಂಗಮದ ಗಾಣಗಾಪುರ, ಎಳ್ಳ ಅಮಾವಾಸ್ಯೆಗೆ ಗೆಳೆಯನ ಹೊಲ, ಹೀಗೆ. ಒಂದು ಬಾರಿಗೆ ಒಂದೇ ಊರು. ಕಲ್ಲಿನ ಮೇಲೆ ಆಸಕ್ತಿ ಇರುವ ತಂದೆಗೆ ಶಹಾಬಾದದ ಕಲ್ಲುಗಣಿಯ ದಾರಿ, ಕಾಲುನೋವಿನ ಅಜ್ಜಿಗೆ ಕಾಗಿಣಾ ದಂಡೆಯ ಒಂದು ಮಧ್ಯಾಹ್ನ, ಶಾಲೆಯ ಮಕ್ಕಳಿಗೆ ತೊಗರಿಯ ಹೂವಿನಿಂದ ಬೇಳೆ ಗಿರಣಿಯವರೆಗಿನ ಕಥೆ. ಅವರವರಿಗೆ ತಕ್ಕ ಪ್ರವಾಸ ಎಂದರೆ ಇದೇ. ಇದಕ್ಕೆ ಕಂಪನಿ ಬೇಕಿಲ್ಲ, ಮನೆಯವರನ್ನು ಬಲ್ಲ ಒಬ್ಬರಿದ್ದರೆ ಸಾಕು. ಹೀಗೆ ನಾಲ್ಕು ವರ್ಷ ತಿರುಗಿದ ಕುಟುಂಬಕ್ಕೆ ಹೊರಗಿನಿಂದ ನೆಂಟರು ಬಂದಾಗ ಏನು ತೋರಿಸಬೇಕು, ಯಾವಾಗ ಬನ್ನಿ ಎನ್ನಬೇಕು ಎಂಬುದು ಯಾರೂ ಹೇಳಿಕೊಡದೆಯೇ ಗೊತ್ತಿರುತ್ತದೆ.

ಐನೂರೈವತ್ತು ವರ್ಷದ ಹಿಂದೆ ಹಿಮದ ದೇಶದಿಂದ ಬಂದವನೊಬ್ಬ ಈ ನೆಲಕ್ಕೂ ನಾಲ್ಕು ಋತುಗಳಿವೆ ಎಂದು ಬರೆದಿಟ್ಟು ಹೋದ. ಇಲ್ಲಿಯವರೇ ಅದನ್ನು ಮರೆತು ‘ನಮ್ಮಲ್ಲಿ ಏನಿದೆ, ಬರೀ ಬಿಸಿಲು’ ಎಂದು ಹೇಳತೊಡಗಿದರೆ ಹೊರಗಿನವರನ್ನು ದೂರಿ ಫಲವೇನು? ಮುಂದಿನ ಸಲ ಬೀದರಿಗೆ ಹೊರಟಾಗ ಕಮಲಾಪುರದಲ್ಲಿ ಇಳಿಯಿರಿ. ಹಣ್ಣು ಕೊಳ್ಳಿ. ಕೊಳ್ಳುವ ಮೊದಲು ಬೆಲೆಯನ್ನಲ್ಲ, ಇದನ್ನು ನೆಟ್ಟದ್ದು ಯಾವ ತಿಂಗಳು ಎಂದು ಕೇಳಿ. ಉತ್ತರ ಹೇಳುವವರು ಕುಳಿತುಕೊಳ್ಳಲು ಹೇಳುತ್ತಾರೆ. ಕುಳಿತುಕೊಳ್ಳಿ. ಇನ್ನೊಂದು ಬಸ್ಸು ಹಿಂದೆ ಬರುತ್ತದೆ.